ಹಸಿರು ಇಂಕಿನ ಹದಿನೆಂಟು

ಹೆಸರಘಟ್ಟದಿಂದ ಎರಡು ಮೈಲಿ ಆಚೆ ಇರುವ ಚಿಕ್ಕಸೋಮನಹಳ್ಳಿಯಲ್ಲಿ ನೀರಿನ ಮಾತು ಬಂದರೆ ಶಶಿರೇಖಾ ಹೇಳಿದ್ದೇ ವೇದವಾಕ್ಯ. ಊರಿನ ಹೆಣ್ಣುಮಗಳು, ಓದಿದವಳು, ಯಲಹಂಕ ನ್ಯೂಟೌನಿನ ಒಂದು ಖಾಸಗಿ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ನೀರನ್ನೇ ಪರೀಕ್ಷೆ ಮಾಡುತ್ತಿರುವವಳು. ಯಾರ ಮನೆಯ ಬೋರ್‌ವೆಲ್ ನೀರು ಕೆಂಪಗೆ ಬಂದರೂ, ಯಾರ ಪಾತ್ರೆಗೆ ಬಿಳಿ ಪೊರೆ ಕಟ್ಟಿದರೂ, ಅವಳು ಹಬ್ಬಕ್ಕೆ ಬರುವುದನ್ನೇ ಕಾದಿದ್ದು ಲೋಟದಲ್ಲಿ ತಂದು ತೋರಿಸುತ್ತಿದ್ದರು. ಅವಳು ಲೋಟ ಎತ್ತಿ ಬೆಳಕಿಗೆ ಹಿಡಿಯುವಳು. ಬೆಳಕಿಗೆ ಹಿಡಿದರೆ ನೀರಿನಲ್ಲಿ ಏನೂ ತಿಳಿಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಆದರೆ ಊರಿನವರಿಗೆ ಅದು ಬೇಕಾಗಿತ್ತು. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಸಾಕಿ, ಎರಡು ಹಸುವಿನ ಹಾಲು ಡೈರಿಗೆ ಹಾಕಿ ಬಿ.ಎಸ್ಸಿ. ಓದಿಸಿದ ಚಿಕ್ಕಮ್ಮ ಮುನಿಯಲ್ಲಮ್ಮ ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಬಂದವರ ಮುಖ ನೋಡುತ್ತಿದ್ದಳು. ಆ ಮರ್ಯಾದೆಯೊಂದೇ ಶಶಿ ಚಿಕ್ಕಮ್ಮನಿಗೆ ತೀರಿಸಲು ಸಾಧ್ಯವಾಗಿದ್ದ ಋಣ. ಅದನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು.

ಅವಳಿಗೆ ಈ ವಿದ್ಯೆ ಕೊಟ್ಟವರು ಲ್ಯಾಬಿನ ಯಜಮಾನರಾದ ರಾಮಕೃಷ್ಣಪ್ಪ ಸರ್. ಕೆಲಸಕ್ಕೆ ಸೇರಿದಾಗ ಅವಳ ಸರ್ಟಿಫಿಕೇಟಿನಲ್ಲಿ ಫಸ್ಟ್ ಕ್ಲಾಸ್ ಇತ್ತು, ತಲೆಯಲ್ಲಿ ಮಾತ್ರ ಮಿಲಿಗ್ರಾಮಿಗೂ ಮೈಕ್ರೋಗ್ರಾಮಿಗೂ ಅಂತರವೇ ಇರಲಿಲ್ಲ. ಮೊದಲ ವಾರದಲ್ಲೇ ಯಾರದೋ ಬಾವಿಯ ನೀರಿನಲ್ಲಿ ಲೀಟರಿಗೆ ಸಾವಿರದ ಇನ್ನೂರು ಮಿಲಿಗ್ರಾಂ ಫ್ಲೋರೈಡ್ ಇದೆ ಎಂದು ಬರೆದಿಟ್ಟಳು. ಅದು ಮೈಕ್ರೋಗ್ರಾಂ, ಸಾವಿರದಿಂದ ಭಾಗಿಸಬೇಕಿತ್ತು, ಮರೆತಿದ್ದಳು. ಬೇರೆಯವರಾಗಿದ್ದರೆ ಮನೆಗೆ ಕಳಿಸುತ್ತಿದ್ದರು. ಸರ್ ಅವಳನ್ನು ತಾರಸಿಗೆ ಕರೆದುಕೊಂಡು ಹೋಗಿ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ತೋರಿಸಿದರು. ಇದರೊಳಗೆ ಒಂದು ಗ್ರಾಂ ಉಪ್ಪು ಹಾಕಿದರೆ ಲೀಟರಿಗೆ ಒಂದು ಮಿಲಿಗ್ರಾಂ, ನೀನು ಬರೆದಿರುವ ಲೆಕ್ಕಕ್ಕೆ ಒಂದು ಕೇಜಿಗೂ ಮೇಲೆ ಸುರಿಯಬೇಕು, ಆ ನೀರು ಕುಡಿದವನು ರಿಪೋರ್ಟ್ ತಗೊಳ್ಳೋಕೆ ಬರೋದಿಲ್ಲ ಎಂದರು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದಿತ್ತು. ಯುನಿಟ್ ಇಲ್ಲದ ಅಂಕಿ ಅಂದರೆ ಹೇಳೋರು ಕೇಳೋರು ಇಲ್ಲದ ಮನುಷ್ಯ ಇದ್ದ ಹಾಗೆ, ಯಾರು ಯಾವ ಕೆಲಸಕ್ಕೆ ಬೇಕಾದರೂ ಹಚ್ಚಬಹುದು ಎಂದೂ ಅವರು ಅವತ್ತೇ ಹೇಳಿದ್ದರು. ಅವಳ ಮದುವೆಗೆ ಸಂಸಾರ ಸಮೇತ ಚಿಕ್ಕಸೋಮನಹಳ್ಳಿಗೇ ಬಂದು, ಚಪ್ಪರದಡಿ ಚಾಪೆಯ ಮೇಲೆ ಕೂತು ಊಟ ಮಾಡಿದ್ದರು.

ಆ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಬರುವ ಬಾಟಲಿಗಳ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ, ಬರೀ ಕೋಡ್ ನಂಬರ್. ಯಾವ ಬಾಟಲಿ ಯಾವ ಊರಿನದು ಎಂಬುದು ಸರ್‌ಗೆ ಮಾತ್ರ ಗೊತ್ತು. ಶಶಿಯಂಥವರು ಮಿಷನ್ ತೋರಿಸಿದ ಅಂಕಿಯನ್ನು ರಿಜಿಸ್ಟರಿನಲ್ಲಿ ನೀಲಿ ಇಂಕಿನಲ್ಲಿ ಬರೆದರೆ ಮುಗಿಯಿತು. ಅದನ್ನು ರಿಪೋರ್ಟಿಗೆ ಬೇಕಾದ ಅಳತೆಗೆ ಬದಲಾಯಿಸುವ ಕೆಲಸ ಸರ್‌ದು, ಹಸಿರು ಇಂಕಿನಲ್ಲಿ. ಕೊನೇ ಗುಣಾಕಾರ ನಂದು, ತಪ್ಪಾದರೆ ಪಾಪವೂ ನಂದೇ ಎನ್ನುತ್ತಿದ್ದರು.

ನೈಟ್ರೇಟಿನ ವಿಷಯದಲ್ಲಂತೂ ಈ ಗುಣಾಕಾರ ತಪ್ಪುವ ಹಾಗೇ ಇರಲಿಲ್ಲ. ತಿಪ್ಪೆಯಿಂದ, ಕಕ್ಕಸು ಗುಂಡಿಯಿಂದ, ಯೂರಿಯಾ ಸುರಿದ ಹೊಲದಿಂದ ಭೂಮಿಗಿಳಿದು ಬೋರ್‌ವೆಲ್ ಸೇರುವ ವಸ್ತು ಅದು. ಮಿಷನ್ ಅದರೊಳಗಿನ ನೈಟ್ರೋಜನ್ ಒಂದನ್ನೇ ಲೆಕ್ಕ ಹಾಕುತ್ತದೆ. ಸರ್ಕಾರ ಹಾಕಿರುವ ಮಿತಿ ಮಾತ್ರ ಇಡೀ ನೈಟ್ರೇಟಿನದು, ಲೀಟರಿಗೆ ನಲವತ್ತೈದು ಮಿಲಿಗ್ರಾಂ. ಹಲಸಿನ ಹಣ್ಣಿನ ತೊಳೆ ಮಾತ್ರ ತೂಗುವುದಕ್ಕೂ ಇಡೀ ಹಣ್ಣು ತೂಗುವುದಕ್ಕೂ ಇರುವ ವ್ಯತ್ಯಾಸವೇ ಇದು. ಮಿಷನ್ ಕೊಟ್ಟದ್ದನ್ನು ನಾಲ್ಕು ಪಾಯಿಂಟ್ ನಾಲ್ಕು ಮೂರರಿಂದ ಗುಣಿಸಿದರೆ ಇಡೀ ಹಣ್ಣಿನ ತೂಕ ಸಿಗುತ್ತದೆ. ಗುಣಿಸದೆ ಹಾಗೇ ಮಿತಿಯ ಪಕ್ಕದಲ್ಲಿಟ್ಟರೆ ಎಂಥ ಕೆಟ್ಟ ನೀರೂ ಪಾಸಾಗುತ್ತದೆ.

ಎರಡು ಸಾವಿರದ ಹದಿನಾಲ್ಕರ ಫೆಬ್ರವರಿಯಲ್ಲಿ ಮುನೀಂದ್ರ ಎಂಬ ಲೇಔಟ್ ಮಾಡುವವನು ಊರಿನ ಪಕ್ಕದಲ್ಲಿ ಬೋರ್ ಕೊರೆಸಿ, ದೊಡ್ಡ ಟ್ಯಾಂಕ್ ಕಟ್ಟಿಸಿ, ಊರಿಗೂ ಒಂದು ಪೈಪ್ ಎಳೆದುಕೊಟ್ಟ. ಧರ್ಮಕ್ಕೆ ಕೊಟ್ಟ ಎಂದು ಫ್ಲೆಕ್ಸ್ ಹಾಕಿಸಿದ. ಧರ್ಮ ಇದ್ದದ್ದು ಫ್ಲೆಕ್ಸಿನಲ್ಲಿ. ಲೇಔಟಿನ ಅಪ್ರೂವಲ್ಲಿಗೆ ಹೋದಾಗ ಊರಿನವರೇ ಕುಡಿಯುತ್ತಿರುವ ನೀರು ಇದು ಎಂದು ತೋರಿಸುವುದು ಅವನಿಗೆ ಬೇಕಾಗಿತ್ತು. ಊರಿನ ಹಳೇ ಬೋರ್ ಬತ್ತಿ ಒಂದು ವರ್ಷವಾಗಿದ್ದರೂ ಹೆಂಗಸರು ಹೊಸ ನೀರನ್ನು ಹಸುವಿಗೆ ಇಟ್ಟರೇ ಹೊರತು ತಾವು ಬಾಯಿಗೆ ಹಾಕಲಿಲ್ಲ.

ಟ್ಯಾಂಕಿನ ಪೂಜೆಯ ದಿನ ಸರ್ ತಾವಾಗಿಯೇ ಶಶಿಯನ್ನು ಕರೆದು, ನಿಮ್ಮೂರಲ್ಲಿ ಪೂಜೆಯಂತಲ್ಲಮ್ಮ, ಅರ್ಧ ದಿನ ರಜ ತಗೊಂಡು ಹೋಗಿ ಬಾ ಎಂದರು. ಬಾಯಿಬಿಟ್ಟು ಕೇಳಿದರೂ ರಜ ಕೊಡದವರು! ಅವಳು ಖುಷಿಯಲ್ಲಿ ಹೋದಳು. ಟ್ಯಾಂಕಿನ ಗೋಡೆಗೆ ಲ್ಯಾಮಿನೇಷನ್ ಮಾಡಿದ ರಿಪೋರ್ಟ್ ಅಂಟಿಸಿದ್ದರು. ತನ್ನ ಲ್ಯಾಬಿನದೇ, ಸರ್ ಸೈನ್ ಇತ್ತು. ನೈಟ್ರೇಟ್ ಹದಿನೆಂಟು, ಮಿತಿ ನಲವತ್ತೈದು, ಕುಡಿಯಲು ಯೋಗ್ಯ. ತನ್ನ ತಾಯಿಯ ಕೈಯಡುಗೆಯನ್ನು ಯಾರಾದರೂ ಮೂಸಿ ನೋಡಿ ತಿನ್ನುತ್ತಾರೆಯೇ? ಅವಳೂ ಮೂಸಲಿಲ್ಲ. ನಲ್ಲಿಯಿಂದ ಮೊದಲ ಲೋಟ ತಾನೇ ಹಿಡಿದು, ಎಲ್ಲರ ಮುಂದೆ ಕುಡಿದು, ಧೈರ್ಯವಾಗಿ ಕುಡೀರಿ, ಇದಕ್ಕೆ ನಾನು ಜವಾಬ್ದಾರಿ ಎಂದಳು. ಅವತ್ತು ಸಂಜೆಯಿಂದ ಊರು ಆ ನೀರು ಕುಡಿಯಿತು.

ಏಪ್ರಿಲ್‌ನಲ್ಲಿ ಮುನಿಯಲ್ಲಮ್ಮನ ಮಗಳು ಧನುಶ್ರೀ ಚೊಚ್ಚಲ ಬಾಣಂತನಕ್ಕೆ ತಾಯಿಯ ಮನೆಯಲ್ಲೇ ಇದ್ದಳು. ಹೆಣ್ಣುಕೂಸು. ಎದೆಹಾಲು ಸಾಲದೆ ಡಾಕ್ಟರು ಹಾಲಿನ ಪುಡಿ ಬರೆದುಕೊಟ್ಟಿದ್ದರು. ಪುಡಿ ಕಲಸಲು ಕ್ಯಾನ್ ನೀರು ತರಿಸಲೇ, ಟ್ಯಾಂಕಿನದೇ ಸಾಕೇ ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದಳು. ಟ್ಯಾಂಕಿನದೇ ಸಾಕು, ಕುದಿಸಿ ಆರಿಸು ಎಂದು ಶಶಿ ಹೇಳಿದಳು. ಮುನಿಯಲ್ಲಮ್ಮ ಒಂದು ಹೇಳಿದರೆ ಎರಡು ಮಾಡುವ ಹೆಂಗಸು. ಬಾಣಂತಿ ಕಷಾಯದ ಲೆಕ್ಕದಲ್ಲೇ ಕೂಸಿನ ನೀರನ್ನೂ ಕಾಯಿಸಿದಳು. ಎರಡು ಚೆಂಬು ಇಟ್ಟರೆ ಒಂದು ಚೆಂಬಿಗೆ ಇಳಿಯುವ ತನಕ ಒಲೆಯಿಂದ ಕೆಳಗಿಡುತ್ತಿರಲಿಲ್ಲ. ಕುದಿದಷ್ಟೂ ನೀರು ಶುದ್ಧ ಎಂಬುದು ಅವಳ ನಂಬಿಕೆ.

ಮೇ ಎರಡನೇ ವಾರ ಕೂಸಿನ ತುಟಿ ನೀಲಿಯಾಯಿತು. ಮೊದಲು ದೃಷ್ಟಿ ಎಂದರು, ನಿವಾಳಿಸಿದರು. ಉಗುರೂ ನೀಲಿಯಾದಾಗ ಆಟೋ ಹಿಡಿದು ಹೆಬ್ಬಾಳದ ಹತ್ತಿರದ ಮಕ್ಕಳ ಆಸ್ಪತ್ರೆಗೆ ಓಡಿದರು. ಶಶಿ ಲ್ಯಾಬಿನಿಂದ ನೇರ ಅಲ್ಲಿಗೇ ಬಂದಳು. ಸೂಜಿಯಲ್ಲಿ ತೆಗೆದ ಕೂಸಿನ ರಕ್ತ ಕೆಂಪಗಿರಲಿಲ್ಲ, ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಡಾಕ್ಟರಮ್ಮ ಅದನ್ನು ನೋಡಿದ್ದೇ ಯಾವ ನೀರಿನಲ್ಲಿ ಹಾಲು ಕಲಸುತ್ತೀರಿ ಎಂದು ಕೇಳಿದರು. ರಕ್ತಕ್ಕೆ ಉಸಿರು ಹೊರಲಾಗದ ಹಾಗೆ ನೈಟ್ರೇಟ್ ಮಾಡುತ್ತದೆ, ಎಳೇ ಕೂಸುಗಳಿಗೆ ಅದು ತಡೆಯುವುದಿಲ್ಲ ಎಂದರು.

ನಮ್ಮ ನೀರಿನಲ್ಲಿ ಅಂಥದ್ದೇನೂ ಇಲ್ಲ, ಇವಳೇ ನೋಡಿ ಪರೀಕ್ಷೆ ಮಾಡಿರೋಳು ಎಂದು ಮುನಿಯಲ್ಲಮ್ಮ ಅಷ್ಟು ಸಂಕಟದಲ್ಲೂ ಶಶಿಯನ್ನು ಮುಂದೆ ತಳ್ಳಿದಳು. ಶಶಿ ಹದಿನೆಂಟು ಎಂದಳು. ಹದಿನೆಂಟಕ್ಕೆ ಹೀಗಾಗುವುದಿಲ್ಲವಲ್ಲ ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, ಒಳಗೆ ಹೋಗಿ ಔಷಧಿ ಶುರು ಮಾಡಿದರು. ಸಂಜೆಯ ಹೊತ್ತಿಗೆ ಕೂಸಿನ ತುಟಿಗೆ ಬಣ್ಣ ಬಂತು. ಪುಣ್ಯಕ್ಕೆ ಉಳಿಯಿತು.

ಶಶಿಗೆ ಮಾತ್ರ ಲೆಕ್ಕ ಕೂಡಲಿಲ್ಲ. ನೀರು ಕುದಿದು ಆವಿಯಾಗುತ್ತದೆ, ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ. ಎರಡು ಚೆಂಬು ಒಂದಾದರೆ ಹದಿನೆಂಟು ಮೂವತ್ತಾರಾಗುತ್ತದೆ. ಆದರೂ ನಲವತ್ತೈದರ ಒಳಗೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಆ ಗುಣಾಕಾರವನ್ನು ಬೆರಳಲ್ಲಿ ಎಷ್ಟು ಸಲ ಮಾಡಿದಳೋ. ಆಮೇಲೆ ಇನ್ನೊಂದು ಗುಣಾಕಾರ ಮನಸ್ಸಿಗೆ ಬಂತು. ಛೆ, ಸರ್ ಹಾಗೆ ಮಾಡುವವರಲ್ಲ ಎಂದು ಅದನ್ನು ತಳ್ಳಿಹಾಕಿದಳು.

ತಳ್ಳಿದರೆ ಹೋಗುವ ಯೋಚನೆಯಲ್ಲ ಅದು. ಮರುದಿನ ಬೆಳಿಗ್ಗೆ ಊರಿಗೆ ಹೋಗಿ ಗೋಡೆಯ ಮೇಲಿನ ರಿಪೋರ್ಟಿಗೆ ಕಣ್ಣು ತಾಗುವಷ್ಟು ಹತ್ತಿರ ನಿಂತು ಓದಿದಳು. ಕೋಡ್ ಇನ್ನೂರ ಹನ್ನೆರಡು. ಯುನಿಟ್ಟಿನ ಪಕ್ಕದಲ್ಲಿ, ಇರುವೆಯ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ, ಇದು ನೈಟ್ರೋಜನ್ ಲೆಕ್ಕ ಎಂದು ಬರೆದಿತ್ತು. ಬಸ್ಸಿನಲ್ಲಿ ಯಲಹಂಕಕ್ಕೆ ಬರುವಷ್ಟು ಹೊತ್ತೂ, ಸರ್ ಮರೆತಿರಬೇಕು, ಟೈಪ್ ಮಾಡಿದವರದ್ದು ತಪ್ಪಿರಬೇಕು, ತಪ್ಪೇ ಆಗಿರಲಿ ದೇವರೇ ಎಂದು ಬೇಡಿಕೊಂಡಳು.

ರಿಜಿಸ್ಟರ್ ತೆಗೆದಳು. ಇನ್ನೂರ ಹನ್ನೊಂದರ ಎದುರಿಗೆ ಅವಳ ನೀಲಿ ಇಂಕಿನಲ್ಲಿ ಎರಡು ಪಾಯಿಂಟ್ ಒಂದು, ಪಕ್ಕದಲ್ಲಿ ಹಸಿರಿನಲ್ಲಿ ಒಂಬತ್ತು ಪಾಯಿಂಟ್ ಮೂರು. ಇನ್ನೂರ ಹದಿಮೂರಕ್ಕೆ ಅವಳದು ಐದು, ಹಸಿರು ಇಪ್ಪತ್ತೆರಡು. ಗುಣಾಕಾರ ಸರಿಯಾಗೇ ಇತ್ತು. ನಡುವಿನ ಇನ್ನೂರ ಹನ್ನೆರಡಕ್ಕೆ ಅವಳ ಕೈಬರಹದಲ್ಲಿ ಹದಿನೆಂಟು. ಹಸಿರಿನಲ್ಲೂ ಹದಿನೆಂಟು. ಮರೆತವನು ಜಾಗ ಖಾಲಿ ಬಿಡುತ್ತಾನೆ. ಇಲ್ಲಿ ಖಾಲಿ ಬಿಟ್ಟಿರಲಿಲ್ಲ, ಅದೇ ಅಂಕಿಯನ್ನು ನಿಧಾನವಾಗಿ, ದುಂಡಗೆ ಇನ್ನೊಮ್ಮೆ ಬರೆದಿದ್ದರು. ಅವಳು ಗುಣಿಸಿ ನೋಡಿದಳು. ಎಪ್ಪತ್ತೊಂಬತ್ತು ಪಾಯಿಂಟ್ ಏಳು. ಎಂಬತ್ತು ಅನ್ನಿ. ಚಿಕ್ಕಮ್ಮನ ಒಲೆಯ ಮೇಲೆ ಅದು ನೂರಾ ಅರವತ್ತಾಗಿತ್ತು. ಆ ನೂರಾ ಅರವತ್ತನ್ನು ಕೂಸಿಗೆ ಕುಡಿಸಿದ್ದರು, ಅವಳ ಮಾತು ಕೇಳಿ.

ರಾಮಕೃಷ್ಣಪ್ಪ ತಮ್ಮ ಕೋಣೆಯಲ್ಲಿ ಟೀ ಕುಡಿಯುತ್ತಿದ್ದರು. ಅವಳು ರಿಜಿಸ್ಟರನ್ನು ಮೇಜಿನ ಮೇಲೆ ಬಿಡಿಸಿಟ್ಟು ಕೂಸಿನ ವಿಷಯ ಹೇಳಿದಳು. ಅವರ ಮುಖ ಒಂದು ಗಳಿಗೆ ಕಪ್ಪಿಟ್ಟದ್ದು ನಿಜ. ಕೂಸು ಹುಷಾರಾಗಿದೆ ಎಂದು ಕೇಳಿದ ಮೇಲೆ ಟೀ ಲೋಟ ಮತ್ತೆ ಎತ್ತಿಕೊಂಡರು.

"ಇದ್ರಲ್ಲಿ ಸುಳ್ಳೆಲ್ಲಿದೆ ತೋರ್ಸು ಶಶಿ. ನೈಟ್ರೋಜನ್ ಲೆಕ್ಕ ಅಂತ ಬರ್ದಿದೀನಿ. ಹದಿನೆಂಟೂ ನಿಜ, ನಲವತ್ತೈದೂ ನಿಜ."

"ಎರಡನ್ನೂ ಪಕ್ಕದಲ್ಲಿಟ್ರಲ್ಲ ಸರ್, ಅದು ಸುಳ್ಳು. ಇದನ್ನ ನಂಗೆ ಹೇಳ್ಕೊಟ್ಟೋರೇ ನೀವು."

ಅವರು ಮುನೀಂದ್ರನ ಹೆಸರು ಹೇಳಿದರು. ಅವನ ಎಲ್ಲ ಲೇಔಟಿನ ನೀರೂ ನಮ್ಮಲ್ಲಿಗೇ ಬರುವುದು, ಅವನು ಕೈಬಿಟ್ಟರೆ ಲ್ಯಾಬಿನಲ್ಲಿ ಇಷ್ಟು ಜನ ಇರುವುದಿಲ್ಲ, ಇರುವವರಲ್ಲಿ ನೀನೂ ಒಬ್ಬಳು ಎಂದರು. ದೊಡ್ಡವರಿಗೆ ಆ ನೀರಿನಿಂದ ಅಂಥದ್ದೇನೂ ಆಗುವುದಿಲ್ಲವೆಂದೂ ಸೇರಿಸಿದರು. ಅದು ನಿಮ್ಮೂರೇ ಅಂತ ನನಗೆ ಹೊಳೆಯಲಿಲ್ಲ ಎಂದಾಗ ಶಶಿಗೆ ಮೈಯೆಲ್ಲ ಉರಿಯಿತು. ಪೂಜೆಗೆ ಹೋಗು ಎಂದು ರಜ ಕೊಟ್ಟು ಕಳಿಸಿದವರು ಯಾರು ಎಂದು ಕೇಳಿದಳು.

ಅವರು ಟೀ ಲೋಟವನ್ನು ಮೇಜಿನ ಮೇಲೆ ಸುತ್ತಲೂ ತಿರುಗಿಸಿದರು. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು, ಆದರೂ ಬಾಯಿಂದ ಕೇಳಬೇಕಿತ್ತು. ಕಾಯುತ್ತಾ ನಿಂತಳು.

"ಊರ್ನೋರು ಕುಡೀತಿಲ್ಲ ಅಂದ ಮುನೀಂದ್ರ. ನಿಮ್ ಹುಡುಗಿ ಬಂದು ಒಂದ್ ಮಾತು ಹೇಳಿದ್ರೆ ಕುಡೀತಾರೆ ಅಂದ," ಎಂದರು ಸರ್, ಲೋಟದೊಳಗೆ ನೋಡುತ್ತ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು! ಅವಳಿಗೆ ಕೂತು ಅಳಬೇಕೆನಿಸಿತು. ಹನ್ನೊಂದು ವರ್ಷ ಈ ಮನುಷ್ಯನನ್ನು ಅಪ್ಪನ ಜಾಗದಲ್ಲಿ ಇಟ್ಟಿದ್ದಳು. ಅವನು ಅವಳನ್ನು ಲ್ಯಾಬಿನ ರಬ್ಬರ್ ಸ್ಟ್ಯಾಂಪಿನ ಪಕ್ಕದಲ್ಲಿ ಇಟ್ಟಿದ್ದ. ಸ್ಟ್ಯಾಂಪಾದರೂ ಕಾಗದದ ಮೇಲೆ ಬೀಳುತ್ತದೆ. ಅವಳನ್ನು ಒತ್ತಿದ್ದು ಸಾಕಿದ ತಾಯಿಯ ಮನೆಯ ಮೇಲೆ.

ಆಮೇಲೆ ಅವರು ಸಮಾಧಾನದ ದನಿಯಲ್ಲಿ ದಾರಿ ಹೇಳಿದರು. ಚಿಕ್ಕಮ್ಮನ ಮನೆಗೆ ಕ್ಯಾನ್ ನೀರು ತರಿಸಿಕೊಳ್ಳಲಿ. ಆರು ತಿಂಗಳು ಬಿಟ್ಟು ಹೊಸ ಪರೀಕ್ಷೆ ಮಾಡಿ ಮೆಲ್ಲಗೆ ಸರಿಮಾಡೋಣ. ಊರೆಲ್ಲ ಡಂಗುರ ಹೊಡೆಯುವುದು ಬೇಡ, ರಿಪೋರ್ಟಿನ ಕೆಳಗೆ ಪರೀಕ್ಷೆ ಮಾಡಿದವರು ಎಂದು ನಿನ್ನ ಇನಿಷಿಯಲ್ಲೂ ಇದೆ, ಕೇಳುವವರು ಮೊದಲು ನಿನ್ನನ್ನೇ ಕೇಳುತ್ತಾರೆ. ಕೊನೇ ಗುಣಾಕಾರದ ಪಾಪ ತಮ್ಮದು ಎಂದು ಹೇಳುತ್ತಿದ್ದ ಅದೇ ಬಾಯಿ. ಅವಳು ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ರಿಜಿಸ್ಟರಿನ ಆ ಪುಟವನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೊರಟಳು. ಅವರು ತಡೆಯಲಿಲ್ಲ. ಮೊಬೈಲಿನಲ್ಲಿರುವ ಎರಡು ಹದಿನೆಂಟನ್ನು ಊರಿನಲ್ಲಿ ಯಾರು ಓದಬಲ್ಲರು ಎಂದು ಅವರಿಗೆ ಗೊತ್ತಿತ್ತು.

ಅವಳು ಊರು ಮುಟ್ಟಿದಾಗ ಸಂಜೆ ಐದು. ನೀರು ಬಿಡುವ ಹೊತ್ತು. ಟ್ಯಾಂಕಿನ ನಲ್ಲಿಯ ಮುಂದೆ ಹತ್ತಿಪ್ಪತ್ತು ಹೆಂಗಸರು ಸಾಲಾಗಿ ಕೊಡ ಇಟ್ಟುಕೊಂಡು ನಿಂತಿದ್ದರು. ನೀರು ಬಿಡುವ ಚಿಕ್ಕಮಾರಯ್ಯ ವಾಲ್ವಿನ ಹತ್ತಿರ ಬೀಡಿ ಹಚ್ಚಿ ಕೂತಿದ್ದ. ಶಶಿ ಸಾಲಿನ ಮುಂದೆ ನಿಂತು, ಈ ನೀರು ಕುಡಿಯಬೇಡಿ, ಕೂಸುಗಳಿಗಂತೂ ಹನಿಯೂ ಕೊಡಬೇಡಿ, ಕುದಿಸಿದರೆ ಇನ್ನೂ ಕೆಡುತ್ತದೆ ಎಂದಳು. ನೈಟ್ರೇಟ್ ಎಂಬತ್ತಿದೆ, ರಿಪೋರ್ಟಿನಲ್ಲಿ ಬೇಕೆಂದೇ ಹದಿನೆಂಟು ಹಾಕಿದ್ದಾರೆ ಎಂದಳು.

ಚಿಕ್ಕಮಾರಯ್ಯ ಎದ್ದು ಬಂದ. ಒಳ್ಳೆಯ ಮನುಷ್ಯ, ಅವಳನ್ನು ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದವನು.

"ಅವತ್ತು ಅದಿನೆಂಟು ಅಂದೆ, ಇವತ್ತು ಎಂಬತ್ತು ಅಂತೀಯ. ನೀರು ಅದೇ ಅಲ್ವೇನವ್ವ?"

"ನೀರು ಅದೇ ಮಾವ. ಅವತ್ತಿನ ಲೆಕ್ಕ ಸುಳ್ಳು."

"ಇವತ್ತಿಂದು ದಿಟ ಅಂತ ಎಂಗ್ ನಂಬಾದು?"

ನಾನು ಹೇಳುತ್ತಿದ್ದೇನಲ್ಲ ಎಂಬುದೊಂದೇ ಅವಳ ಹತ್ತಿರ ಇದ್ದ ಉತ್ತರ. ಅದನ್ನು ಅವಳು ಅವತ್ತೇ ಖರ್ಚು ಮಾಡಿಬಿಟ್ಟಿದ್ದಳು. ಮೊಬೈಲ್ ತೆಗೆದು ಫೋಟೋ ತೋರಿಸಿ, ನಾಲ್ಕು ಪಾಯಿಂಟ್ ನಾಲ್ಕು ಮೂರು ಎಂದು ವಿವರಿಸತೊಡಗಿದಳು. ಚಿಕ್ಕಮಾರಯ್ಯ ಕಣ್ಣು ಕಿರಿದು ಮಾಡಿಕೊಂಡು ನೋಡಿ, ಇಲ್ಲೂ ಅದಿನೆಂಟೇ ಐತಲ್ಲವ್ವ ಎಂದ. ಹಿಂದಿನಿಂದ, ಸಾಲಿನಲ್ಲಿ ನಿಂತಿದ್ದ ಮುನಿಕೃಷ್ಣಮ್ಮ, ಪುಡಿ ಹಾಲು ಆಗದೆ ಕೂಸಿಗೆ ಹಾಗಾಯಿತಂತೆ, ಮುನೀಂದ್ರನ ಕಡೆಯವರು ಬೆಳಿಗ್ಗೆಯೇ ಬಂದು ಹೇಳಿ ಹೋದರು ಎಂದಳು. ಇವಳಿಗೂ ಲ್ಯಾಬಿನವರಿಗೂ ಏನೋ ಜಗಳವಾಗಿರಬೇಕು ಎಂದು ಇನ್ನೊಬ್ಬಳು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಶಶಿಗೆ ಕೇಳಿಸಿತು.

ಅಷ್ಟು ಹೊತ್ತಿಗೆ ಮುನಿಯಲ್ಲಮ್ಮ ಎರಡು ತುಂಬಿದ ಕೊಡ ಹೊತ್ತು ಮನೆಯಿಂದ ಬಂದಳು. ಆಸ್ಪತ್ರೆಯಲ್ಲಿ ಮಗಳ ಜೊತೆ ಬೇರೆಯವರನ್ನು ಬಿಟ್ಟು, ಹಸುವಿಗೆಂದು ಮಧ್ಯಾಹ್ನವೇ ಊರಿಗೆ ಬಂದಿದ್ದಳು. ಯಾರ ಕಡೆಗೂ ನೋಡದೆ ನಲ್ಲಿಯ ಪಕ್ಕದ ಚರಂಡಿಗೆ ಒಂದು ಕೊಡ ಬಗ್ಗಿಸಿದಳು, ಆಮೇಲೆ ಇನ್ನೊಂದು. ಸಾಲಿನಲ್ಲಿದ್ದವರೆಲ್ಲ ಕತ್ತು ಹೊರಳಿಸಿ ನೋಡಿದರು. ಶಶಿಗೆ ಹೋದ ಜೀವ ಬಂದ ಹಾಗಾಯಿತು. ಊರು ನಂಬದಿದ್ದರೆ ಕತ್ತೆ ಬಾಲ, ಚಿಕ್ಕಮ್ಮ ನಂಬಿದಳಲ್ಲ. ಹತ್ತಿರ ಹೋಗಿ ಅವಳ ಕೈಯಿಂದ ಖಾಲಿ ಕೊಡ ತೆಗೆದುಕೊಳ್ಳಲು ನೋಡಿದಳು. ನಮ್ಮ ಸರ್ ನನಗೆ ಮೋಸ ಮಾಡಿದರು ಚಿಕ್ಕಮ್ಮ, ನನಗೂ ಗೊತ್ತಿರಲಿಲ್ಲ ಎಂದಳು.

ಮುನಿಯಲ್ಲಮ್ಮ ಕೊಡ ಬಿಡಲಿಲ್ಲ.

"ನಾನ್ ಕುಡ್ದಿದ್ದು ನಿಮ್ ಸಾರ್ ಮುಖ ನೋಡಿ ಅಲ್ಲ ಕಣವ್ವ, ನಿನ್ ಮುಖ ನೋಡಿ. ಕೂಸಿನ ತುಟಿ ನನ್ ಕಣ್ಣಲ್ಲಿ ಕಂಡಿವ್ನಿ, ಅದ್ಕೆ ಚೆಲ್ತಾ ಇವ್ನಿ. ನೀನ್ ಏಳ್ದೆ ಅಂತ ಅಲ್ಲ."

ಅಷ್ಟು ಹೇಳಿ ಅವಳು ಎರಡೂ ಕೊಡಗಳನ್ನು ಕಂಕುಳಿಗೆ ಏರಿಸಿಕೊಂಡು ಮನೆಯ ಕಡೆ ನಡೆದಳು. ಶಶಿ ಹಿಂದೆ ಹೋಗಲಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು, ಮುನಿಕೃಷ್ಣಮ್ಮ ತನ್ನ ಕೊಡವನ್ನು ನಲ್ಲಿಯ ಕೆಳಗಿಟ್ಟಳು, ಚಿಕ್ಕಮಾರಯ್ಯ ವಾಲ್ವ್ ತಿರುಗಿಸಿದ.